ಎಂಟನೆಯ ಕುರ್ಚಿ

ಬೈಕಿನ ಎಡಕ್ಕೆ ದೋಣಿ ಹಾದುಹೋಯಿತು, ನೀರಿಲ್ಲದ ನಾಡಿನ ದೋಣಿ, ಅದರ ಮೂತಿಗೆ ಕಟ್ಟಿದ ಹಲಗೆಯ ಮೇಲೆ ಇಲ್ಲಿ ಈಜಬಾರದು ಎಂದು ಯಾರೋ ಪುಣ್ಯಾತ್ಮ ಬರೆದದ್ದು, ಸುತ್ತ ನೂರು ಮೈಲಿ ಕಾಲು ತೊಳೆಯಲು ಒಂದು ಹೊಂಡವಿಲ್ಲ — ಬೆನ್ನ ಹಿಂದೆ ಕೂತ ಇರ್ಮಾ ನಕ್ಕಳು, ನಗು ಕಿವಿಗೆ ಕೇಳಲಿಲ್ಲ, ಗಾಳಿ ಎಲ್ಲವನ್ನೂ ಹೊತ್ತುಕೊಂಡು ಹೋಗುತ್ತದೆ, ಟ್ವೈಲಾಳ ಬೆನ್ನಿಗೆ ತಾಗಿತು ಅಷ್ಟೆ, ಸತ್ತವನ ಅಕ್ಕ ನಗುತ್ತಿದ್ದಾಳೆ, ನಗಲಿ, ಇನ್ನು ಏಳು ಮೈಲಿ ನಗಲಿ. ಎಪ್ಪತ್ತಾರು ವಯಸ್ಸು, ನಿನ್ನೆ ನೆಬ್ರಾಸ್ಕಾದಿಂದ ಬಂದಿಳಿದವಳು, ಹುಟ್ಟಿದಂದಿನಿಂದ ಬೈಕು ಹತ್ತಿದವಳಲ್ಲ, ಚಳಿಗಾಲದ ಕ್ಯಾಂಪು ನೋಡಿಕೊಳ್ಳುವ ಬರ್ಲ್ ತನ್ನ ಕಾರಿನಲ್ಲಿ ಕರೆದುಕೊಂಡು ಹೋಗುತ್ತೇನೆ ಎಂದರೂ ಕೇಳಲಿಲ್ಲ, ನನ್ನ ತಮ್ಮ ಎಲ್ಡನ್ ಓಡಾಡಿದ ದಾರೀಲಿ ಬೈಕ್ ಮೇಲೇ ಹೋಗ್ಬೇಕು, ಅದೂ ಈ ಟ್ವೈಲಾ ಅವರ ಹಿಂದೇನೇ ಕೂರ್ಬೇಕು, ಬೇರೆ ಯಾರೂ ಬೇಡ ಅಂದಳು, ಕ್ಯಾಂಪಿನ ಹತ್ತು ಜನ ತಿರುಗಿ ಟ್ವೈಲಾಳನ್ನು ನೋಡಿದರು, ಏನು ಪುಣ್ಯ ಮಾಡಿದ್ದಳೋ ಎಂಬಂತೆ. ಪುಣ್ಯ! ಮುದುಕಿಯ ಎರಡು ಕೈ ಅವಳ ಸೊಂಟ ಹಿಡಿದಿವೆ, ಎಲುಬಿನ ಕೈ, ಎಲ್ಡನ್‌ನ ಕೈಯಂಥದ್ದೇ ಉದ್ದ ಬೆರಳು, ಕೈಯ ಕಡೆ ಹೋಗಬೇಡ ಮನಸ್ಸೇ, ರಸ್ತೆ ನೋಡು. ರಸ್ತೆ ನೆಟ್ಟಗಿದೆ, ಅದೇ ಕಷ್ಟ, ತಿರುವಿದ್ದರೆ ತಡವಾಗುತ್ತಿತ್ತು. ಇಪ್ಪತ್ತೈದರ ಮೇಲೆ ಮುಳ್ಳು ಏರದಂತೆ ಓಡಿಸುತ್ತಿದ್ದಾಳೆ, ನನ್ನ ಸಲುವಾಗಿ ಅಷ್ಟು ನಿಧಾನ ಬೇಡಮ್ಮಾ ಎಂದು ಹಿಂದಿನಿಂದ ಕೂಗು, ನಿಮ್ಮ ಸಲುವಾಗಿಯಲ್ಲ ತಾಯಿ, ನನ್ನ ಸಲುವಾಗಿ. ಚಪ್ಪಲಿ ಮರದ ಹತ್ತಿರ ಹೇಳಿಬಿಡಬೇಕು. ಹೇಳಿಯೇ ತೀರಬೇಕು, ಕುರ್ಚಿಗಳು ಕಣ್ಣಿಗೆ ಬೀಳುವ ಮೊದಲೇ.

ಕುರ್ಚಿಗಳನ್ನು ಇಟ್ಟವನು ಎಲ್ಡನ್, ನಾಲ್ಕು ಚಳಿಗಾಲದ ಹಿಂದೆ, ಕ್ಯಾಂಪಿನಿಂದ ಒಂಬತ್ತು ಮೈಲಿಗೆ, ಬಟ್ಟೆ ಅಂಗಡಿಯ ಗಾಜಿನ ಕಿಟಕಿಯಲ್ಲಿ ಗೊಂಬೆ ಸಿಂಗರಿಸುತ್ತ ನಲವತ್ತು ವರ್ಷ ಸವೆಸಿದವನು, ಅಂಗಡಿ ಮುಚ್ಚಿದಾಗ ಗೊಂಬೆಗಳನ್ನು ಬೀದಿಗೆ ಬಿಡಲು ಮನಸ್ಸಾಗದೆ ತನ್ನ ಗಾಡಿಯಲ್ಲಿ ತುಂಬಿಕೊಂಡು ಮರುಭೂಮಿಗೆ ಬಂದ, ಮದುವೆ ಆಗ್ದೋನಿಗೆ ಒಂದೇ ಸಲ ಏಳು ಜನದ ಸಂಸಾರ ಕಣ್ರೀ ಎನ್ನುತ್ತಿದ್ದ. ಕಪ್ಪು ಕನ್ನಡಕದ ಮದುಮಗಳು, ಬೆಂಕಿ ಆರಿಸುವವನು, ಮರಳಿಗೆ ಗಾಳ ಬಿಟ್ಟು ಕೂತ ಮೀನುಗಾರ, ಈಜುಡುಗೆಯ ಮೂವರು ಹೆಂಗಸರು, ತಲೆಯಿಲ್ಲದೆ ಸ್ಟಿಯರಿಂಗ್ ಹಿಡಿದ ಒಬ್ಬ — ಇದು ನೀನು ಡ್ರೈವರಮ್ಮಾ, ತಲೆ ಇಲ್ದೇ ಇದ್ರೂ ಬಸ್ ಓಡಿಸ್ತೀಯಲ್ಲ ಎಂದು ಟ್ವೈಲಾಳಿಗೆ ಅವನ ಚೇಷ್ಟೆ. ಏಳು ಗೊಂಬೆ, ಏಳು ಮಡಚು ಕುರ್ಚಿ, ರಸ್ತೆಯ ಅಂಚಿಗೆ ಸಾಲಾಗಿ. ಕೆಲವು ದಿನ ಎಂಟನೆಯ ಕುರ್ಚಿ ಇರುತ್ತಿತ್ತು, ಹಸಿರು ಪಟ್ಟಿಯದು, ಅದರಲ್ಲಿ ಎಲ್ಡನ್ ತಾನೇ ವೇಷ ಹಾಕಿ ಗೊಂಬೆಯಂತೆ ಕೂರುತ್ತಿದ್ದ, ಹಾದುಹೋಗುವ ಬೈಕಿನವರು ಪತ್ತೆ ಮಾಡಬೇಕು, ಪತ್ತೆಯಾದರೆ ಎರಡು ಸಲ ಹಾರ್ನ್ ಹೊಡೆಯಬೇಕು, ಭಾನುವಾರ ಅವನ ಕೈಯ ದೋಸೆಯಂಥ ಪ್ಯಾನ್‌ಕೇಕು ಗೆದ್ದವರಿಗೆ. ಹಾರ್ನ್ ಹೊಡೆದರೂ ಅವನು ಕದಲುತ್ತಿರಲಿಲ್ಲ, ಗೊಂಬೆ ಅಂದ್ಮೇಲೆ ಗೊಂಬೆ, ಸಿಕ್ಕಿಬಿದ್ದೆ ಅಂತ ಎದ್ದು ಕುಣಿದ್ರೆ ಗೊಂಬೆ ಜಾತಿಗೇ ಅವಮಾನ, ಮತ್ತು ನೀವೂ ನಿಲ್ಲಿಸ್ಬಾರ್ದು, ನಿಲ್ಲಿಸಿ ಹಲ್ಲು ಕಿರಿದ್ರೆ ನಂಗೆ ನಗು ಬಂದುಬಿಡುತ್ತೆ. ಅದೇ ನಿಯಮ. ಅರವತ್ತು ದಾಟಿದವರೆಲ್ಲ ಸೇರಿ ಆಡಿದ ಆಟ, ನಾರ್ತ್ ಡಕೋಟಾದ ಹಿಮ ತಪ್ಪಿಸಿಕೊಂಡು ಇಲ್ಲಿ ಬಂದು ಬೆಚ್ಚಗೆ ಕೂತವರಿಗೆ ಇನ್ನೇನು ಕೆಲಸ, ಬೈಕು ಹತ್ತುವುದು, ದೋಣಿ ನೋಡುವುದು, ಗೊಂಬೆ ನೋಡುವುದು. ಎಲ್ಲರಿಗಿಂತ ಹೆಚ್ಚು ಪ್ಯಾನ್‌ಕೇಕು ತಿಂದವಳು ಟ್ವೈಲಾ. ಮೂವತ್ತೊಂದು ವರ್ಷ ಶಾಲೆಯ ಬಸ್ಸು ಓಡಿಸಿದವಳ ಕಣ್ಣು, ಪ್ರತಿ ಸಂಜೆ ಬಸ್ಸಿನ ಕೊನೆಯ ಸೀಟಿನವರೆಗೆ ನಡೆದುಹೋಗಿ ಒಂದೊಂದು ಸೀಟೂ ನೋಡಿ, ಯಾವ ಮಗುವೂ ನಿದ್ದೆಹೋಗಿ ಉಳಿದಿಲ್ಲ ಎಂದು ಖಾತ್ರಿ ಮಾಡಿಕೊಂಡೇ ಬೀಗ ಹಾಕುತ್ತಿದ್ದಳು, ಮೂವತ್ತೊಂದು ವರ್ಷದಲ್ಲಿ ಒಂದು ಮಗುವನ್ನೂ ಬಿಟ್ಟುಬಂದವಳಲ್ಲ, ನಿವೃತ್ತಿಯ ದಿನ ಅದನ್ನೇ ಎಲ್ಲರೂ ಹೊಗಳಿದ್ದು.

ಚಪ್ಪಲಿ ಮರ ಬಂತು. ನಿಲ್ಲಿಸಿದಳು. ಒಣಗಿದ ಮರದ ತುಂಬ ದಾರಿಹೋಕರು ಎಸೆದು ಸಿಕ್ಕಿಸಿದ ಜೋಡಿ ಜೋಡಿ ಬೂಟು, ಮಗುವಿನ ಷೂ, ಎತ್ತರ ಹಿಮ್ಮಡಿಯ ಕೆಂಪು ಚಪ್ಪಲಿ, ಗಾಳಿಗೆ ಒಂದಕ್ಕೊಂದು ತಟ್ಟಿಕೊಳ್ಳುತ್ತ, ಮೇಲಿನ ಕೊಂಬೆಯಲ್ಲಿ ಟ್ವೈಲಾಳ ಬಸ್ಸಿನ ಕಾಲದ ಕಪ್ಪು ಬೂಟು, ಎಲ್ಡನ್ ಎಸೆದುಕೊಟ್ಟದ್ದು, ಮೂರನೇ ಸಲಕ್ಕೆ ಸಿಕ್ಕಿಕೊಂಡಿತ್ತು. ಇರ್ಮಾ ಹೆಲ್ಮೆಟ್ ತೆಗೆದು ಕೂದಲು ಸರಿಮಾಡಿಕೊಂಡು ಕೈಚೀಲದಿಂದ ಕಾರ್ಡುಗಳ ಕಟ್ಟು ತೆಗೆದಳು, ತಮ್ಮ ವಾರಕ್ಕೊಂದು ಬರೆದದ್ದು, ನೋಡಿ ಇದ್ರಲ್ಲಿ ಈ ಮರ ಇದೆ, ಇದ್ರಲ್ಲಿ ದೋಣಿ, ಇದ್ರಲ್ಲಿ ನೀವಿದ್ದೀರಿ. ನಾನಾ? ನೀವೇ, ಕೇಳಿ, ಇಲ್ಲೊಬ್ಬಳು ಡ್ರೈವರಮ್ಮ ಇದ್ದಾಳೆ ಅಕ್ಕಾ, ಅವಳ ಕಣ್ಣು ತಪ್ಪಿಸೋಕೆ ದೇವ್ರಿಂದಲೂ ಆಗಲ್ಲ, ನಾನೆಲ್ಲೇ ಕೂತ್ರೂ ಕಂಡುಹಿಡೀತಾಳೆ, ಅವಳಿರೋವರೆಗೂ ನಾನು ಕಳೆದುಹೋಗಲ್ಲ ಬಿಡು — ಮುದುಕಿ ಓದಿದಳು, ಓದುತ್ತ ಕಣ್ಣು ಒರೆಸಿಕೊಂಡಳು, ಅದಕ್ಕೇ ನಿಮ್ಮ ಹಿಂದೇನೇ ಕೂರ್ಬೇಕು ಅಂದಿದ್ದು. ಈಗ ಹೇಳು. ಒಂದೇ ವಾಕ್ಯ, ಇರ್ಮಾ, ನಾನು ಅವನನ್ನು ನೋಡಿದೆ. ಬಾಯಿಂದ ಬಂದದ್ದು ಬೇರೆ. ನೀರು ಕುಡೀತೀರಾ? ಕುಡಿದಳು. ಆ ಕೆಂಪು ಚಪ್ಪಲಿ ಯಾವ ಹುಚ್ಚಿ ಬಿಟ್ಟುಹೋದ್ಲು, ಇನ್ನೂ ಹೊಸದಾಗಿದೆ, ಮನೆಗೆ ಹೇಗೆ ಹೋದ್ಲೋ ಬರಿಗಾಲಲ್ಲಿ ಎಂದಳು ಇರ್ಮಾ, ಇಬ್ಬರೂ ನಕ್ಕರು, ನಕ್ಕದ್ದಕ್ಕೆ ಟ್ವೈಲಾಳಿಗೆ ತನ್ನ ಮೇಲೇ ಹೇಸಿಗೆಯಾಯಿತು, ಬೈಕು ಹೊರಟಿತು.

ಹನ್ನೊಂದು ದಿನದ ಹಿಂದೆ, ಮಂಗಳವಾರ. ಬೆಳಿಗ್ಗೆ ಒಂಬತ್ತಕ್ಕೆ ಅಂಚೆ ತರಲು ಪಟ್ಟಣಕ್ಕೆ ಹೊರಟಳು, ಬಿಸಿಲು ಎಳೆಯದು, ದೂರದಿಂದಲೇ ಎಣಿಸಿದಳು, ಎಂಟು ಕುರ್ಚಿ, ಎಂಟನೆಯದರಲ್ಲಿ ಹುಲ್ಲಿನ ಟೋಪಿ, ಬಣ್ಣದ ಕೋಟು, ಎಡಗೈ ಕಿವಿಯ ಮಟ್ಟಕ್ಕೆ ಎತ್ತಿದೆ, ಬೈಕಿನವರು ಎದುರು ಬರುವ ಬೈಕಿನವರಿಗೆ ಎಡಗೈ ಎತ್ತುವುದಿಲ್ಲವೇ ಹಾಗೆ, ಓಹೋ ಇವತ್ತು ಹೊಸ ವರಸೆ, ಎರಡು ಸಲ ಹಾರ್ನ್, ಸಿಕ್ಕಿಬಿದ್ದೆಯಲ್ಲೋ ಎಂದು ಕೂಗಿ ಹೋದಳು, ಗೆದ್ದ ಖುಷಿ, ನಾಲ್ಕು ಮೈಲಿ ತನ್ನಷ್ಟಕ್ಕೆ ನಕ್ಕಳು. ಹನ್ನೆರಡಕ್ಕೆ ವಾಪಸ್ಸು, ಅಲ್ಲೇ ಇದ್ದಾನೆ, ಕೈ ಕುರ್ಚಿಯ ತೋಳಿನ ಮೇಲಿದೆ, ಬೆರಳು ಮಾತ್ರ ಎತ್ತಿವೆ, ಪಾಪ, ಸುಸ್ತಾಗಿದೆ ಮುದುಕನಿಗೆ, ಹಠಮಾರಿ, ಎರಡು ಸಲ ಹಾರ್ನ್. ಮೂರಕ್ಕೆ ಅದೇ ರಸ್ತೆಯ ಮುಂದಿನ ಕಬ್ಬಿಣದ ಡೈನೋಸಾರ್‌ಗೆ ಯಾರೋ ಹೊಸ ಟೋಪಿ ಹಾಕಿದ್ದಾರಂತೆ, ಅದನ್ನು ನೋಡಲು, ಟೋಪಿ! ಟೋಪಿ ನೋಡಲು ಹೋದಳು, ಕೈ ಕೆಳಗೆ ಜೋತುಬಿದ್ದಿತ್ತು, ಟೋಪಿ ಮುಖದ ಮೇಲೆ ಜಾರಿತ್ತು, ನಿದ್ದೆ ಹೊಡೀತಿದಾನೆ ಕಳ್ಳ, ಎರಡು ಸಲ ಹಾರ್ನ್, ಎಬ್ಬಿಸಲಿಕ್ಕೆಂದು ಜೋರಾಗಿ, ಬರುವಾಗ ಒಣಗಿದ ಹಳ್ಳದ ಬಳಸುದಾರಿ ಹಿಡಿದು ಬಂದಳು. ಸಂಜೆ ಊಟಕ್ಕೆ ಅವನು ಬರಲಿಲ್ಲವೆಂದು ಹುಡುಕಿಕೊಂಡು ಹೋದವನು ಬರ್ಲ್. ಲಕ್ವ ಹೊಡೆದಿತ್ತಂತೆ, ಬಲಭಾಗ ಪೂರ್ತಿ ಬಿದ್ದುಹೋಗಿತ್ತಂತೆ, ಮಾತು ನಿಂತಿತ್ತಂತೆ, ಎಡಗಾಲಿನ ಹಿಮ್ಮಡಿ ಮರಳಿನಲ್ಲಿ ಒಂದು ಗುಂಡಿ ತೋಡಿತ್ತಂತೆ. ಬೆಳಿಗ್ಗೇನೇ ಹೊಡೆದಿರ್ಬೇಕು, ಮಧ್ಯಾಹ್ನದೊಳಗೆ ಆಸ್ಪತ್ರೆಗೆ ತಂದಿದ್ರೆ ಏನಾದ್ರೂ ಮಾಡ್ಬಹುದಿತ್ತು ಎಂದರಂತೆ ಡಾಕ್ಟರು, ಅವನು ಉಳಿಯಲಿಲ್ಲ. ಬರ್ಲ್ ಎಲ್ಲರನ್ನೂ ಸೇರಿಸಿ ಕೇಳಿದ, ಇವತ್ತು ಯಾರಾದ್ರೂ ಆ ಕಡೆ ಹೋಗಿದ್ರಾ? ಯಾರೂ ಹೋಗಿರಲಿಲ್ಲ, ಮಂಗಳವಾರ ಎಲ್ಲರೂ ಬಟ್ಟೆ ಒಗೆಯುವ ದಿನ, ಕೆನಡಾದ ಮಾರ್ಸೆಲ್ ಮತ್ತು ಅವನ ಹೆಂಡತಿ ಹಲ್ಲು ಕಟ್ಟಿಸಿಕೊಳ್ಳಲು ದಕ್ಷಿಣದ ಗಡಿಯಾಚೆ ಹೋಗಿ ಇನ್ನೂ ಬಂದೇ ಇರಲಿಲ್ಲ, ಟ್ವೈಲಾ ನೀನು? ನಾನು ಹಳ್ಳದ ದಾರೀಲಿ ಹೋದೆ ಬರ್ಲ್. ಹೋಗುವಾಗ್ಲೂ? ಹೋಗುವಾಗ್ಲೂ. ಎಷ್ಟು ಸಲೀಸಾಗಿ ಬಂತು ಸುಳ್ಳು, ಬಸ್ಸಿನ ಗೇರು ಬಿದ್ದ ಹಾಗೆ.

ಬಲಕ್ಕೆ ಟೆಲಿಫೋನ್ ಡಬ್ಬಿ, ಮರಳಿನ ನಡುವೆ ತಂತಿಯಿಲ್ಲದ ಟೆಲಿಫೋನು, ಎಲ್ಡನ್ ಹಾದುಹೋದಾಗಲೆಲ್ಲ ರಿಸೀವರ್ ಎತ್ತಿ ದೇವರಿಗೆ ಫೋನ್ ಮಾಡುತ್ತಿದ್ದ, ಲೈನ್ ಬಿಜಿ ಕಣಮ್ಮಾ, ಯಾವಾಗ್ಲೂ ಬಿಜಿ. ನಿಲ್ಲಿಸಲೇ, ಇಲ್ಲಿ ಹೇಳಲೇ — ಡಬ್ಬಿ ಹಿಂದಾಯಿತು. ಹೇಳಿದರೆ ಏನಾಗುತ್ತದೆ, ಸತ್ತವನು ಎದ್ದುಬರುತ್ತಾನೆಯೇ, ಮುದುಕಿಯ ಎದೆಗೆ ಒಂದು ಕಲ್ಲು ಹಾಕಿ ನಿನ್ನ ಎದೆ ಹಗುರ ಮಾಡಿಕೊಳ್ಳುತ್ತೀಯ ಅಷ್ಟೆ, ಮಾತು ಬೆಳ್ಳಿ, ಮೌನ ಬಂಗಾರ, ಅಬ್ಬಾ ಬಂಗಾರವೇ, ಹೇಡಿತನಕ್ಕೆ ಎಂಥ ಒಳ್ಳೆಯ ಗಾದೆ. ಕೈ ಎತ್ತಿ ಕೂತ್ರೆ ಎರಡೇ ನಿಮಿಷ ಕಣಮ್ಮಾ, ಆಮೇಲೆ ನಡುಗೋಕೆ ಶುರು, ಅದಕ್ಕೇ ನಾನು ಯಾವತ್ತೂ ಕೈ ತೊಡೆ ಮೇಲೇ ಇಟ್ಕೊಳ್ಳೋದು, ಕಸುಬಿನ ಗುಟ್ಟು, ಯಾರಿಗೂ ಹೇಳ್ಬೇಡ ಎಂದಿದ್ದ ಎಲ್ಡನ್ ಒಮ್ಮೆ. ಅವಳಿಗೊಬ್ಬಳಿಗೇ ಹೇಳಿದ್ದ. ಗೊತ್ತಿತ್ತು ಅವಳಿಗೆ. ಎತ್ತಿದ ಕೈ ನೋಡಿದಾಗ ಗೊತ್ತಾಗಬೇಕಿತ್ತು, ಅದು ನಡುಗುತ್ತಿತ್ತೇ, ನಡುಗುತ್ತಿತ್ತೇ, ಹನ್ನೊಂದು ದಿನದಿಂದ ನೆನಪನ್ನು ಕೆದಕುತ್ತಿದ್ದಾಳೆ, ಒಮ್ಮೆ ನಡುಗುತ್ತದೆ, ಒಮ್ಮೆ ನಡುಗುವುದಿಲ್ಲ. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು.

ಮದುಮಗಳ ಬಿಳಿ ಮುಸುಕು ಮೊದಲು ಕಂಡಿತು, ಆಮೇಲೆ ಸಾಲು. ಎಂಟು ಕುರ್ಚಿ. ಹಸಿರು ಪಟ್ಟಿಯದನ್ನು ಮಡಚಿ ತರಲು ಬರ್ಲ್‌ಗೆ ಮನಸ್ಸು ಬಂದಿಲ್ಲ. ಎಂಜಿನ್ ಆರಿಸಿದ ಮೇಲೆ ಇಷ್ಟು ಮೌನವೇ ಇಲ್ಲಿ, ನಿಂತೇ ನೋಡದ ಜಾಗ, ನಾಲ್ಕು ವರ್ಷದಲ್ಲಿ ಇಲ್ಲಿ ಎಷ್ಟು ಸಲ ಹಾದುಹೋದಳು, ಒಮ್ಮೆಯೂ ನಿಂತವಳಲ್ಲ. ಇರ್ಮಾ ಗೊಂಬೆಗಳ ಕೈ ಮುಟ್ಟುತ್ತ ಬಂದಳು, ಮೀನುಗಾರನ ಕಾಲರ್ ಸರಿಮಾಡಿದಳು, ಹಸಿರು ಕುರ್ಚಿಯ ಮುಂದೆ ನಿಂತಳು, ಇದೇನಾ? ಹೂಂ. ಕೂತು ಕೈಚೀಲದಿಂದ ಆ ಕಾರ್ಡು ತೆಗೆದಳು. ಇಲ್ಲಿಂದ ರಸ್ತೆ ಎಷ್ಟು ಚೆನ್ನಾಗಿ ಕಾಣುತ್ತೆ, ಪಾಪ, ದಿನವಿಡೀ ನೋಡ್ತಾ ಕೂತಿದ್ದಿರ್ಬೇಕು, ಒಬ್ರಾದ್ರೂ ಬರ್ತಾರಾ ಅಂತ, ನಿಮ್ಮಂಥೋರು ಒಬ್ರು ಬಂದಿದ್ರೆ ನಿಲ್ಲಿಸ್ತಿದ್ರಿ ಅಲ್ವಾ, ಏನ್ ಮಾಡೋದು, ಅವತ್ತು ಯಾರೂ ಬರ್ಲಿಲ್ಲ, ಅದೊಂದೇ ಸಮಾಧಾನ ನೋಡಿ ನಂಗೆ, ನೋಡಿಯೂ ಬಿಟ್ಟುಹೋದ್ರು ಅಂತ ಅಲ್ಲ. ಎಡಗೈ ಒಂದೇ ಆಡ್ತಿತ್ತಂತಲ್ಲ, ಎಷ್ಟು ಎತ್ತೋಕಾಗ್ತಿತ್ತೋ — ಎನ್ನುತ್ತ ಮುದುಕಿ ತನ್ನ ಎಡಗೈ ಎತ್ತಿದಳು, ಮೆಲ್ಲಗೆ, ಕಿವಿಯ ಮಟ್ಟಕ್ಕೆ. ಬೇಡ ಇರ್ಮಾ, ಇಳಿಸಿ. ದೂರದಲ್ಲಿ ಸದ್ದು. ದಕ್ಷಿಣದಿಂದ ಕೆಂಪು ಬೈಕು, ಮಾರ್ಸೆಲ್, ಹಿಂದೆ ಅವನ ಹೆಂಡತಿ, ಹೊಸ ಹಲ್ಲು, ಎಲ್ಡನ್ ಸತ್ತದ್ದು ಗೊತ್ತಿಲ್ಲದವರು, ಹತ್ತಿರ ಬಂದರು, ಕುರ್ಚಿಯಲ್ಲಿ ಕೂತು ಕೈ ಎತ್ತಿದ ಮುದುಕಿಯನ್ನು ನೋಡಿದರು, ಅವಳ ಪಕ್ಕ ಗೊಂಬೆಯಂತೆ ನಿಂತ ಟ್ವೈಲಾಳನ್ನು ನೋಡಿದರು, ಬಿಸಿಲಿಗೆ ಹೊಳೆಯುವಂತೆ ನಕ್ಕರು, ಹಾರ್ನ್, ಇನ್ನೊಂದು ಹಾರ್ನ್, ಹೋದರು. ಧೂಳು. ಇರ್ಮಾ ಕೈ ಇಳಿಸಲಿಲ್ಲ. ಯಾಕೆ ಎರಡು ಸಲ ಹೊಡೆದ್ರು? ಕಂಡೆ ಅಂತ. ಕಂಡ ಮೇಲೆ ನಿಲ್ಲಿಸಲ್ವಾ? ನಿಲ್ಲಿಸಲ್ಲ, ಅದೇ ಆಟ. ಮುದುಕಿ ರಸ್ತೆಯನ್ನೇ ನೋಡಿದಳು, ಧೂಳು ಕೂರುವವರೆಗೂ ನೋಡಿದಳು, ಮತ್ತೆ ಬಲಗೈಯಲ್ಲಿದ್ದ ಡ್ರೈವರಮ್ಮನ ಕಾರ್ಡನ್ನು, ಮತ್ತೆ ಟ್ವೈಲಾಳ ಮುಖವನ್ನು, ಕಣ್ಣು ಎಲ್ಡನ್‌ನದೇ, ಅವತ್ತು ಹಾರ್ನ್ ಕೇಳಿಸಿತಾ ಅವನಿಗೆ? ದನಿ ಏರಲಿಲ್ಲ, ಕೇಳಿಸಿತಾ? ಕೇಳಿಸಿತು, ಎಂದಳು ಟ್ವೈಲಾ, ನಂದು, ಮೂರು ಸಲ ಬಂದೆ ಇರ್ಮಾ, ಮೂರು ಸಲವೂ ಹೊಡೆದೆ. ಹೇಳಿಯಾಯಿತು, ಎದೆ ಹಗುರಾಗಲಿಲ್ಲ, ಏನೂ ಆಗಲಿಲ್ಲ, ಮುದುಕಿ ಬೈಯಲಿಲ್ಲ, ಅಳಲಿಲ್ಲ, ಎದ್ದೂ ಹೋಗಲಿಲ್ಲ, ಕೈ ಎತ್ತಿಯೇ ಕೂತಿದ್ದಾಳೆ, ಎರಡು ನಿಮಿಷವಾಗಿರಬೇಕು, ಕಿವಿಯ ಮಟ್ಟಕ್ಕೆ ಎತ್ತಿದ ಎಡಗೈ, ಉದ್ದ ಬೆರಳು, ಮೊದಲು ಕಿರುಬೆರಳು, ಆಮೇಲೆ ಎಲ್ಲವೂ, ನಡುಗುತ್ತಿದೆ, ಹೌದು ನಡುಗುತ್ತಿತ್ತು, ಆ ಕೈ, ನಡುಗುತ್ತಿತ್ತು.