ಪಾಳು ಎಂದು ಬರೆದವನು

ಚೆಲ್ಲಿದ ಕಾಫಿ ಕೋರ್ಟಿನ ಪಡಸಾಲೆಯ ಹಾಸಿನ ಮೇಲೆ ಕಣಿವೆಯ ಹಾಗೆ ಹರಿದಿದೆ, ಎಡಕ್ಕೊಂದು ಕವಲು, ಬಲಕ್ಕೊಂದು, ಇಳಿಜಾರು ದಕ್ಷಿಣಕ್ಕೆ — ಶುರುವಾಯಿತು ನೋಡು ನನ್ನ ಹುಚ್ಚು, ವಿಮಾನದಿಂದ ತೆಗೆದ ಚಿತ್ರಗಳನ್ನು ಇಪ್ಪತ್ತೆಂಟು ವರ್ಷ ನೋಡಿದವನಿಗೆ ಚೆಲ್ಲಿದ ಕಾಫಿಯೂ ಬೆಟ್ಟಗುಡ್ಡವೇ, ನನ್ನ ಹೆಂಡತಿ ನಜಿಮಾ ಅಣಕಿಸುತ್ತಲೇ ಇರುತ್ತಾಳೆ, ನಾಳೆ ಗುಂಡಿಗೆ ಇಳಿಸ್ದಾಗ್ಲೂ ಅಳತೆ ಸರಿಯಿಲ್ಲ ಅಂತ ಎದ್ದು ಕೂರ್ತೀರಿ ನೀವು, ಇವತ್ತು ಬೆಳಿಗ್ಗೆ ಮಾತ್ರ ಅಣಕಿಸಲಿಲ್ಲ, ಕೋಟಿನ ಧೂಳು ಕೊಡವುತ್ತ ಕೇಳಿದಳು, ಅಲ್ಲಿ ಏನಂತ ಹೇಳ್ತೀರಿ, ನಿಜ ಹೇಳ್ತೀನಿ ಎಂದೆ, ಹೇಳಿ ಹೇಳಿ, ಮಗಳ ಮನೆ ಯಾವ ನೆಲದ ಮೇಲಿದೆ ಅನ್ನೋದೂ ನೆನಪಿರ್ಲಿ ಎಂದಳು. ಹತ್ತು ಗಂಟೆಗೆ ಸಾಕ್ಷಿಗೆ ಕರೆಯುತ್ತಾರಂತೆ, ಈಗ ಒಂಬತ್ತೂ ನಲವತ್ತು, ಎದುರಿನ ಬೆಂಚಿನಲ್ಲಿ ಅವಳು, ನೆಲ ತಮ್ಮದೆಂದು ದಾವೆ ಹೂಡಿದವಳು, ಇನ್‌ಶಿರಾಹ್, ಎದೆಯ ಮೇಲೆ ಕೆಂಪು ಕಸೂತಿಯ ಕಪ್ಪು ನಿಲುವಂಗಿ, ತೊಡೆಯ ಮೇಲೆ ಪ್ಲಾಸ್ಟಿಕ್ ಚೀಲದ ತುಂಬ ತೀರಿಹೋದ ಅಪ್ಪನ ಕಾಗದಗಳು, ಹೆಬ್ರೋನಿನ ಬೆಟ್ಟದಿಂದ ಮೂರು ತಪಾಸಣೆ ಗೇಟು ದಾಟಿ ಬಂದಿದ್ದಾಳೆ, ನಾನು ಒಂದು ಬಸ್ಸು ಹತ್ತಿ ಬಂದೆ. ಬಂದ ಕೂಡಲೇ ಡಬ್ಬಿ ಬಿಚ್ಚಿ ಖರ್ಜೂರದ ಬಿಸ್ಕತ್ತು ಚಾಚಿದಳು, ತಗೊಳ್ಳಿ ಖವಾಜಾ, ಸಂಕೋಚ ಬೇಡ, ನಾನೇ ಮಾಡಿದ್ದು. ಖವಾಜಾ ಅಂದರೆ ಯಜಮಾನರೇ ಅಂತ, ತಿಂದೆ, ಎರಡು ತಿಂದೆ, ನಾಚಿಕೆಯಾಗಬೇಕು ನನಗೆ.

ಸರ್ಕಾರದ ಸರ್ವೆ ಕಚೇರಿಯಲ್ಲಿ ಕೆಲಸಕ್ಕೆ ಸೇರಿದ ದಿನ ಮೇಲಧಿಕಾರಿ ಅವಿಗ್ದೋರ್ ಹೇಳಿದ್ದು ಇಷ್ಟೇ, ನೋಡು ಮೆನಾಶೆ, ಉತ್ತಿದ್ದಾರಾ ಇಲ್ವಾ, ಅಷ್ಟು ಹೇಳು ಸಾಕು, ವರ್ಷಾನುಗಟ್ಟಲೆ ಉಳದ ಕಲ್ಲುನೆಲ ಸರ್ಕಾರದ್ದು, ಕಾನೂನು ನಮ್ದಲ್ಲಪ್ಪ, ತುರ್ಕಿಯವ್ರು ಬಿಟ್ಟು ಹೋಗಿದ್ದು. ಇನ್‌ಶಿರಾಹ್‌ಳ ಬೆಟ್ಟದವರು ದ್ರಾಕ್ಷಿಗೆ ಚಪ್ಪರ ಹಾಕುವುದಿಲ್ಲ, ಬಳ್ಳಿಯನ್ನು ನೆಲದ ಮೇಲೇ ಹರಿಯಬಿಟ್ಟು ಕಾಂಡದ ಕೆಳಗೆ ದಿಂಬಿನ ಹಾಗೆ ಒಂದೊಂದು ಕಲ್ಲು ಕೊಡುತ್ತಾರೆ, ಚಳಿಗಾಲದಲ್ಲಿ ಎಲ್ಲ ಸವರಿ ಮೋಟು ಉಳಿಸುತ್ತಾರೆ, ಜನವರಿಯಲ್ಲಿ ಮೇಲಿನಿಂದ ನೋಡಿದರೆ ಬರೀ ಕಲ್ಲು, ಹಸಿರಿನ ಸುಳಿವಿಲ್ಲ — ಆದರೆ ಕಲ್ಲುಗಳು ತಾವಾಗಿ ಸಾಲು ಹಿಡಿದು ಕೂರುತ್ತವೆಯೇ, ಎರಡು ಕಲ್ಲಿನ ನಡುವೆ ಪ್ರತಿ ಸಲವೂ ಅಷ್ಟೇ ಅಂತರ ಇರುತ್ತದೆಯೇ, ನನಗೆ ಗೊತ್ತಿತ್ತು, ಕಚೇರಿಯಲ್ಲಿ ಬೇರೆ ಯಾರಿಗೂ ಗೊತ್ತಿರದಿದ್ದರೂ ನನಗೆ ಗೊತ್ತಿತ್ತು, ಇರಾಕಿನ ಜಾಖೋದಲ್ಲಿ, ಯಹೂದಿಗಳನ್ನೆಲ್ಲ ಅಲ್ಲಿಂದ ಓಡಿಸುವ ಮೊದಲು, ನಮ್ಮಪ್ಪನ ತೋಟವೂ ಹಾಗೆಯೇ ಇತ್ತು, ಬದುಕಿರುವ ತನಕ ಅದನ್ನೇ ಹೇಳುತ್ತಿದ್ದ, ರಾತ್ರೋರಾತ್ರಿ ಬಿಟ್ಟು ಓಡಿ ಬಂದ್ವಿ ಮಗಾ, ಈಗ ನಮ್ಮ ಬಳ್ಳಿ ಯಾರು ಸವರ್ತಾರೋ, ಯಾರು ತಿಂತಾರೋ. ಮೇಜಿಗೆ ಬಂದ ಜನವರಿಯ ಚಿತ್ರ ತೋರಿಸಿ, ಸರ್, ಇದು ತೋಟ ಇರ್ಬೇಕು, ಬೇಸಿಗೆಯ ಚಿತ್ರ ತರಿಸಿ ನೋಡೋಣ ಎಂದೆ, ಎಂದದ್ದು ಹೌದು, ಒಂದೇ ಸಲ, ಮೆಲ್ಲಗೆ, ಅವಿಗ್ದೋರ್ ನಕ್ಕ, ಕಂಡಿದ್ದನ್ನ ಬರಿ, ಗೊತ್ತಿರೋದನ್ನಲ್ಲ, ಹೊಸ ಕೆಲಸ, ಹೊಟ್ಟೆಯಲ್ಲಿ ಓಫ್ರಾಳನ್ನು ಹೊತ್ತ ನಜಿಮಾ, ಪೆನ್ಸಿಲು ಎತ್ತಿ ಬರೆದೆ, ಕಲ್ಲುನೆಲ, ಪಾಳು. ಆಮೇಲೆ ಊಟಕ್ಕೆ ಹೋದೆ.

ಇಪ್ಪತ್ತೆರಡು ವರ್ಷವಾದ ಮೇಲೆ ಅದೇ ಓಫ್ರಾ ಗಂಡನ ಜೊತೆ ಮನೆ ಕೊಂಡದ್ದು ಅದೇ ಇಳಿಜಾರಿನಲ್ಲಿ ನಮ್ಮವರು ಕಟ್ಟಿದ ಹೊಸ ಊರಿನಲ್ಲಿ, ಕೆಂಪು ಹೆಂಚು, ಒಳ್ಳೆಯ ಗಾಳಿ, ನಕ್ಷೆ ತೋರಿಸಿದಾಗಲೇ ಗುರುತು ಹಿಡಿದಿದ್ದೆ, ಬಾಯಿ ಬಿಡಲಿಲ್ಲ, ಗೃಹಪ್ರವೇಶಕ್ಕೆ ಹೋದರೆ ಹೂಪಾತಿಗೆ ಅಂಚು ಕಟ್ಟಿದ್ದಾಳೆ, ಎಲ್ಲಾ ಒಂದೇ ಗಾತ್ರದ ಕಲ್ಲು, ಎಲ್ಲಿ ಸಿಕ್ತಮ್ಮಾ ಇಷ್ಟು ಚೆಂದದ್ದು, ಇಲ್ಲೇ ಬಿದ್ದಿದ್ವು ಅಪ್ಪಾ, ಯಾರೋ ನಮಗೋಸ್ಕರ ಜೋಡಿಸಿಟ್ಟ ಹಾಗೆ. ಅಳಿಯ ಎಲ್ಯಾಶಿವನಿಗೆ ನಾನು ಸಾಕ್ಷಿಗೆ ಹೋಗುವ ಸುದ್ದಿ ಗೊತ್ತಾದ ಶನಿವಾರ ಅವನು ಕುಬ್ಬೆ ಉಂಡೆಗಳ ಹುಳಿಸಾರಿಗೆ ಚಮಚವನ್ನೇ ಅದ್ದಲಿಲ್ಲ, ಏನ್ ಮಾವ, ನೀವೊಬ್ರು ಬರೀದಿದ್ರೆ ಇನ್ನೊಬ್ಬ ಬರೀತಿದ್ದ, ಇಡೀ ದೇಶದ ಜಗಳಾನ ನಿಮ್ಮ ಪೆನ್ಸಿಲ್‌ಗೆ ಕಟ್ಕೋತೀರಾ, ಯುದ್ಧ ಶುರು ಮಾಡಿದ್ದು ಯಾರು, ಜಾಖೋದಿಂದ ನಿಮ್ಮನ್ನ ಓಡಿಸಿದ್ದು ಯಾರು. ಹೌದಪ್ಪಾ, ಅದೂ ಹೌದು, ತುರ್ಕಿಯವರು, ಬ್ರಿಟಿಷರು, ಅರಬ್ ದೊರೆಗಳು, ನಮ್ಮ ಜನರಲ್‌ಗಳು, ತಪ್ಪನ್ನು ಹಂಚುತ್ತ ಹೋದರೆ ಎಲ್ಲರ ತಟ್ಟೆಗೂ ಬೀಳುತ್ತದೆ, ಆದರೆ ನನ್ನ ತಟ್ಟೆ ಖಾಲಿಯಾಗುವುದಿಲ್ಲವಲ್ಲ, ಆ ಊರಿಗೆ ಹೋಗುವ ರಸ್ತೆಯಲ್ಲಿ ಓಫ್ರಾಳ ಪಕ್ಕದ ಮನೆಯಾಕೆಗೆ ಗುಂಡು ಬಿತ್ತು, ಎರಡು ಮಕ್ಕಳ ತಾಯಿ, ಹಿಂದಿನ ಸೀಟಿನಲ್ಲಿ ಮಕ್ಕಳು, ಆಮೇಲೆ ಅದೇ ರಸ್ತೆಯಲ್ಲಿ ಇನ್‌ಶಿರಾಹ್‌ಳ ತಮ್ಮನನ್ನು ಸೈನಿಕರು ಗುಂಡಿಕ್ಕಿ ಕೊಂದರು, ಅವನ ಕೈಯಲ್ಲಿ ಏನೂ ಇರಲಿಲ್ಲವಂತೆ, ಅವರಿಬ್ಬರನ್ನೂ ಕೊಂದದ್ದು ನಾನಲ್ಲ, ನಾನಲ್ಲ, ಆದರೆ ಆ ರಸ್ತೆ ಯಾಕೆ ಬಂತು, ಮನೆಗಳು ಬಂದದ್ದರಿಂದ ಬಂತು, ಮನೆಗಳು ಯಾಕೆ ಬಂದವು. ಅಯ್ಯೋ, ಅಂದು ಇನ್ನೊಂದು ಸಲ ಬಾಯಿ ಬಿಟ್ಟಿದ್ದರೆ ಏನಾಗುತ್ತಿತ್ತು, ಬೈದು ಬೇರೆ ಮೇಜಿಗೆ ಕಳಿಸುತ್ತಿದ್ದರು, ಅಷ್ಟೇ ಅಲ್ಲವೇ.

ಖವಾಜಾ, ನೀವಂತೆ ಆ ಚಿತ್ರ ನೋಡಿದ್ದು, ಇನ್‌ಶಿರಾಹ್ ಈಗ ಕೇಳುತ್ತಿದ್ದಾಳೆ, ದನಿಯಲ್ಲಿ ಸಿಟ್ಟಿಲ್ಲ, ಸಿಟ್ಟಿದ್ದರೆ ಚೆನ್ನಾಗಿತ್ತು, ನಮ್ಮಪ್ಪ ಜನವರಿ ಬಂದ್ರೆ ಊಟಕ್ಕೂ ಮನೆಗೆ ಬರ್ತಿರ್ಲಿಲ್ಲ, ಗರಗಸ ಹಿಡ್ಕೊಂಡು ತೋಟದಲ್ಲೇ, ಮೊದಲ್ನೇ ವಿಚಾರಣೇಲಿ ಹೇಳ್ದ, ಸ್ವಾಮಿ, ನಿಮ್ಮ ವಿಮಾನ ಬಂದ ದಿನ ನಾನು ಅಲ್ಲೇ ಇದ್ದೆ, ಬಳ್ಳಿ ಸವರ್ತಿದ್ದೆ, ಸದ್ದು ಕೇಳಿ ಎದ್ದು ನಿಂತು ನೋಡ್ದೆ ಅಂತ, ಎಲ್ರೂ ನಕ್ರಂತೆ, ವಿಮಾನ ನಿನಗೆ ಸಲಾಮು ಹೊಡೀತಾ ಮುದುಕಾ ಅಂದ್ರಂತೆ, ಸಾಯೋವರೆಗೂ ಆ ನಗು ಅವನ ಕಿವಿಯಿಂದ ಹೋಗ್ಲಿಲ್ಲ. ಗೊತ್ತಮ್ಮಾ, ಆ ಕೋಣೆಯಲ್ಲಿ ನಾನೂ ಇದ್ದೆ, ನಕ್ಕವರಲ್ಲಿ ನಾನಿರಲಿಲ್ಲ, ಹಾಗಂತ ತಡೆದವನೂ ನಾನಲ್ಲ — ಇಷ್ಟನ್ನೂ ಮನಸ್ಸಿನಲ್ಲೇ ಅಂದುಕೊಂಡು ಬಿಸ್ಕತ್ತಿನ ಪುಡಿ ಒರೆಸಿಕೊಂಡೆ. ವಿಮಾನ ಒಂದಾದ ಮೇಲೊಂದು ಚಿತ್ರ ತೆಗೆಯುತ್ತದೆ, ನಡುವೆ ಕೆಲವೇ ಕ್ಷಣ, ಜೋಡಿಯನ್ನು ಪಕ್ಕಪಕ್ಕ ಇಟ್ಟು ಎರಡು ಮಸೂರದಲ್ಲಿ ನೋಡಿದರೆ ಬೆಟ್ಟ ಎದ್ದು ಬರುತ್ತದೆ, ಕಡತದಲ್ಲಿ ಈಗ ಮೊದಲನೆಯದು ಮಾತ್ರ ಇದೆಯಂತೆ, ಎರಡನೆಯದು ಕಳೆದುಹೋಗಿದೆ, ಮೊದಲನೆಯದರಲ್ಲಿ ಸಾಲುಗಳ ನಡುವೆ ಒಂದು ಗಿಡ್ಡ ನೆರಳು, ಪೊದೆ ಎಂದರೆ ಪೊದೆ, ಅಲ್ಲ ಎಂದು ಯಾರೂ ಹೇಳಲಾರರು, ಎರಡನೆಯದನ್ನು ನೋಡಿದವರಲ್ಲಿ ಬದುಕಿರುವವನು ನಾನೊಬ್ಬನೇ. ಹೆಸರು ಕೂಗಿದರು, ಒಳಗೆ ಹೋದೆ, ಕಿಸೆಯಲ್ಲಿ ಫೋನು ಗುರ್ರೆಂದಿತು, ಓಫ್ರಾ, ನೋಡದೆಯೂ ಗೊತ್ತು ಏನು ಬರೆದಿದ್ದಾಳೆಂದು, ಅಪ್ಪಾ, ಮಕ್ಕಳನ್ನ ಕರ್ಕೊಂಡು ನಾವೆಲ್ಲಿಗೆ ಹೋಗೋಣ, ಕಪ್ಪು ಕೋಟಿನವರು ಕೇಳಿದರು, ಎರಡನೇ ಚಿತ್ರ ನೀವು ನೋಡಿದ್ರಂತೆ, ಅದರಲ್ಲಿ ಮನುಷ್ಯ ಯಾರಾದ್ರೂ ಇದ್ರಾ, ಇನ್‌ಶಿರಾಹ್ ಪ್ಲಾಸ್ಟಿಕ್ ಚೀಲವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು, ನೆನಪಿಲ್ಲ ಎಂದೆ, ಏನಂದ್ರಿ, ನೆನಪಿಲ್ಲ ಸ್ವಾಮಿ, ಬಹಳ ವರ್ಷವಾಯ್ತು, ಬರೆದುಕೊಂಡರು, ಸಾಕು ಹೋಗಿ ಎಂದರು, ಕಣ್ಣ ಮುಂದೆ ಎರಡೂ ಚಿತ್ರ ಪಕ್ಕಪಕ್ಕ, ಮೊದಲ ಚಿತ್ರದಲ್ಲಿ ನೆರಳು ಬಾಗಿದೆ, ಎರಡನೆಯದರಲ್ಲಿ ನೆಟ್ಟಗೆ ನಿಂತಿದೆ, ಉದ್ದಕ್ಕೆ, ಕಲ್ಲುಸಾಲುಗಳ ಮೇಲೆ ಮಲಗಿದೆ, ಒಂದು ಕೈ ಹಣೆಗೆ ಅಡ್ಡ ಹಿಡಿದ ಹಾಗೆ, ಬಾಗಿದೆ, ನಿಂತಿದೆ, ಬಾಗಿದೆ, ನಿಂತಿದೆ, ಹಣೆಗೆ ಕೈ ಅಡ್ಡ ಹಿಡಿದು ಮೇಲೆ ನೋಡುತ್ತಿದೆ, ನನ್ನನ್ನೇ.