ಬೆರ್ತಲಾನಣ್ಣನ ಕೆಂಪು ಮೂಲಂಗಿ

ನಮ್ಮ ಹಂಗೇರಿಯಲ್ಲಿ ಮಗುವಿಗೆ ಮೂರು ತುಂಬಿತೆಂದರೆ ಶಿಶುವಿಹಾರಕ್ಕೆ ಕಳಿಸಲೇಬೇಕು, ಕಾನೂನು. ಆಮೇಲೆ ಎಂಟು ವರ್ಷದ ಶಾಲೆ, ಅದಾದ ಮೇಲೆ ಹೈಸ್ಕೂಲೋ ಕಸುಬಿನ ಶಾಲೆಯೋ. ಬುಡಾಪೆಸ್ಟಿನಲ್ಲಿ ಮಂತ್ರಿ ಬದಲಾದರೆ ಪಠ್ಯಪುಸ್ತಕ ಬದಲಾಗುತ್ತದೆ, ಮಕ್ಕಳು ಹಳೆಯದನ್ನೂ ಮರೆಯುತ್ತಾರೆ, ಹೊಸದನ್ನೂ ಮರೆಯುತ್ತಾರೆ. ಸಾಯುವ ತನಕ ಯಾರೂ ಮರೆಯದ್ದು ಶಿಶುವಿಹಾರದ ಗುರುತು. ಓದಲು ಬಾರದ ಮಗುವಿಗೆ ತನ್ನ ಗೂಟ, ತನ್ನ ಟವೆಲ್ಲು, ತನ್ನ ದಿಂಬು ಗೊತ್ತಾಗಬೇಕಲ್ಲ? ಅದಕ್ಕೇ ಒಂದೊಂದು ಮಗುವಿಗೆ ಒಂದೊಂದು ಚಿತ್ರ: ಕೊಡೆ, ಬಸವನಹುಳು, ಚೆರ್ರಿ. ಒಂದು ಗುಂಪಿನಲ್ಲಿ ಒಂದು ಚಿತ್ರ ಒಬ್ಬರಿಗೇ. ನಾನು ಟೀಪಾಟು. ಅದೇ ಶಿಶುವಿಹಾರದಲ್ಲಿ ಟೀಚರಾಗಿ ಕೂದಲು ನರೆತರೂ ನನ್ನ ಪರ್ಸಿನ ಮೇಲೆ ಈಗಲೂ ಟೀಪಾಟಿನ ಚಿತ್ರವಿದೆ. ನಗುವವರು ನಗಲಿ, ನನಗೇನು.

ಟಿಸಾ ನದಿಯ ದಂಡೆಯ ನಮ್ಮ ಪುಟ್ಟ ಊರಿನಲ್ಲಿ ಈ ಗುರುತೇ ಅಡ್ಡಹೆಸರಾಗಿ ಅಂಟಿಕೊಳ್ಳುತ್ತದೆ. ತರಕಾರಿ ಅಂಗಡಿಯ ಬೆರ್ತಲಾನಣ್ಣ ಚಿಕ್ಕವನಿದ್ದಾಗ ಜ್ವರ ಬಂದು ಎಲ್ಲರಿಗಿಂತ ಕೊನೆಗೆ ಸೇರಿದನಂತೆ. ಉಳಿದಿದ್ದದ್ದು ಕೆಂಪು ಮೂಲಂಗಿಯೊಂದೇ. ಅಂದಿನಿಂದ ಅವನು ಮೂಲಂಗಿ. ಮದುವೆಯಲ್ಲೂ ಮೂಲಂಗಿ, ಹೆಂಡತಿ ತೀರಿಕೊಂಡಾಗ ಸಮಾಧಾನ ಹೇಳಲು ಬಂದವರ ಬಾಯಲ್ಲೂ ಮೂಲಂಗಿ.

ಈ ವಸಂತದಲ್ಲಿ ಗುರುತು ಆರಿಸುವ ದಿನ ಹತ್ತಿರ ಬಂದಾಗ ಅವನು ಪ್ಲಮ್ ಹಣ್ಣಿನ ಸಾರಾಯಿ ಪಾಲಿಂಕಾದ ಬಾಟಲಿ ಕಂಕುಳಲ್ಲಿ ಇಟ್ಟುಕೊಂಡು ನನ್ನ ಬಾಗಿಲಿಗೆ ಬಂದ.

"ಎತೆಲ್ಕಾ, ನನ್ನ ಮೊಮ್ಮಗಳು ಬೋರ್ಕಾನ ಈ ವರ್ಷ ಸೇರಿಸ್ತಿದ್ದೀವಿ. ಅವಳಿಗೆ ರೈಲು ಎಂಜಿನ್ನೇ ಬೇಕು."

"ಬೋರ್ಡಲ್ಲಿ ಅಂಟಿಸಿರೋ ಚಿತ್ರಗಳಲ್ಲಿ ಮಕ್ಕಳೇ ಆರಿಸ್ಕೋಬೇಕು ಅಣ್ಣ. ಮೊದಲು ಬಂದೋರಿಗೆ ಮೊದಲು."

"ಅಯ್ಯೋ, ನಿಂಗೆ ಅರ್ಥ ಆಗಲ್ಲ! ವೆಂಡೆಲ್‌ಗೆ ಎಂಜಿನ್ ಸಿಕ್ತು, ಸ್ಟೇಷನ್ ಮಾಸ್ಟರ್ ಆದ. ಕತ್ತರಿ ಸಿಕ್ಕೋಳು ಟೈಲರ್ ಆದ್ಲು. ನಂಗೆ ಮೂಲಂಗಿ ಸಿಕ್ತು, ಜೀವಮಾನವೆಲ್ಲ ತರಕಾರಿ ಮಾರ್ದೆ. ಹಣೆಬರಹ ಕಣೇ ಇದು!"

"ಹಂಗಾದ್ರೆ ನಾನು ಟೀಪಾಟು. ನಾನೇನು ಒಲೆ ಮೇಲೆ ಕೂತಿದ್ದೀನಾ?"

"ಸದಾ ಕುದೀತಾನೇ ಇರ್ತೀಯಲ್ಲ!"

ಬಾಯಿಗೆ ಬಂದದ್ದನ್ನು ಕಷ್ಟಪಟ್ಟು ನುಂಗಿಕೊಂಡೆ. ಅವನು ದನಿ ತಗ್ಗಿಸಿದ.

"ಇನ್ನೊಂದು ಮಾತು. ಆ ಮೂಲಂಗಿನ ಬೋರ್ಡಿಂದ ತೆಗೆದು ಎಸೆದುಬಿಡು. ಮಗು ತಪ್ಪಿ ಅದನ್ನ ಮುಟ್ಟಿದ್ರೆ ಅವಳನ್ನೂ ಹಂಗೇ ಕರೀತಾರೆ. ನಾನು ಅನುಭವಿಸಿದ್ದು ಸಾಕು."

ಅವನ ಕಣ್ಣು ಒದ್ದೆಯಾಗಿತ್ತು. ನನಗೂ ಪಾಪ ಅನ್ನಿಸಿತು. ಬಾಟಲಿ ವಾಪಸ್ ಕೊಟ್ಟೆ ಎಂದರೆ ನೀವು ನಂಬುವುದಿಲ್ಲ, ಬಿಡಿ. ಗುರುತು ಆರಿಸುವ ದಿನ ಬೆಳಿಗ್ಗೆ ಮೂಲಂಗಿಯನ್ನು ಬೋರ್ಡಿನಿಂದ ತೆಗೆದು ಏಪ್ರನ್ನಿನ ಜೇಬಿಗೆ ಹಾಕಿಕೊಂಡೆ. ಎಸೆಯಲು ಮನಸ್ಸು ಬರಲಿಲ್ಲ.

ಗೇಟು ತೆಗೆಯಲು ಹೋದರೆ ಬೆರ್ತಲಾನಣ್ಣ ಆಗಲೇ ಬೋರ್ಕಾಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಮೆಟ್ಟಿಲ ಮೇಲೆ ಕೂತಿದ್ದ. ಅವನ ಹಿಂದೆ ತನ್ನ ಮೊಮ್ಮಗನ ಕೈ ಹಿಡಿದು ನಿವೃತ್ತ ಸ್ಟೇಷನ್ ಮಾಸ್ಟರ್ ವೆಂಡೆಲ್.

"ಏನೋ ಮೂಲಂಗಿ, ಇಷ್ಟು ಬೇಗ ಮೊಳಕೆ ಒಡ್ದಿದ್ದೀಯ?"

"ಬಾಯಿ ಮುಚ್ಕೊಂಡು ಹಿಂದೆ ನಿಂತ್ಕೊ. ನಿನ್ನ ಎಂಜಿನ್ ಇವತ್ತು ಹಳಿ ತಪ್ಪುತ್ತೆ."

ಒಳಗೆ ಬಂದವನೇ ಬೆರ್ತಲಾನಣ್ಣ ಚೀಲ ಬಿಚ್ಚಿ ಮೇಜಿನ ಮೇಲೆ ಸುರಿದ. ದಿಂಬಿನ ಚೀಲ, ಹೊದಿಕೆ, ಟವೆಲ್ಲು, ಬೂಟಿನ ಚೀಲ, ಎಲ್ಲದರ ಮೇಲೂ ಕಸೂತಿ ಮಾಡಿದ ಎಂಜಿನ್ನು. ಗುರುತು ಆರಿಸುವ ಮೊದಲೇ ಕಸೂತಿ! ಯಾರಾದರೂ ಹೀಗೆ ಮಾಡುತ್ತಾರಾ? ಹೆಂಡತಿ ಬಿಟ್ಟುಹೋದ ಕೆಂಪು ದಾರದಲ್ಲಿ ಚಳಿಗಾಲವೆಲ್ಲ ತಾನೇ ಕೂತು ಹಾಕಿದ್ದನಂತೆ. ಬೆರಳುಗಳ ತುಂಬ ಸೂಜಿಯ ಗಾಯ. ಎಂಜಿನ್ನುಗಳೋ, ಗುಂಡಗೆ ಟೊಮೆಟೊಗೆ ಚಕ್ರ ಕಟ್ಟಿದ ಹಾಗಿದ್ದವು. ಅವನು ಹೇಳಿದ್ದಕ್ಕೆ ಎಂಜಿನ್ನು ಅಂದುಕೊಂಡೆ.

ಬೋರ್ಕಾ ಬೋರ್ಡಿನ ಮುಂದೆ ನಿಂತಳು.

"ತಗೋ ಬಂಗಾರ, ಅದೇ, ಅದೇ! ಕೂ... ಚುಕುಬುಕು!" ಅಜ್ಜ ಕುಣಿದ.

ಮಗು ಈ ತುದಿಯಿಂದ ಆ ತುದಿಗೆ ನೋಡಿತು. ಕುರ್ಚಿ ಎಳೆದುಕೊಂಡು ಹತ್ತಿ ಮತ್ತೆ ನೋಡಿತು.

"ಅಜ್ಜ ಎಲ್ಲಿ?"

"ಇಲ್ಲೇ ಇದ್ದೀನಲ್ಲ ಪುಟ್ಟಿ."

"ನೀನಲ್ಲ! ಬೋರ್ಡಲ್ಲಿರೋ ಅಜ್ಜ!" ತುಟಿ ನಡುಗಿತು, ಆಮೇಲೆ ಅಳು ಸಿಡಿಯಿತು. "ಮೂಲಂಗಿ ಎಲ್ಲೀ? ಎಲ್ಲಾರೂ ಅಜ್ಜನ್ನ ಮೂಲಂಗಿ ಅಂತಾರೆ. ಇಲ್ಲಿ ಮಲಗೋವಾಗ ನಂಗೆ ಅಜ್ಜ ಬೇಕೂ!"

ವೆಂಡೆಲ್ ನಗಲು ಬಾಯಿ ತೆರೆದವನು ಹಾಗೇ ಮುಚ್ಚಿಕೊಂಡ. ಬೆರ್ತಲಾನಣ್ಣ ನನ್ನ ಕಡೆ ತಿರುಗಿದ. ನನ್ನ ಕೈ ಜೇಬಿನಲ್ಲಿತ್ತು.

"ಎಸೆದುಬಿಟ್ಯಾ?" ಎಂದ, ಕೇಳಿಸಿಯೂ ಕೇಳಿಸದ ಹಾಗೆ.

"ಇಲ್ಲ ಅಣ್ಣ."

"ಮತ್ತೆ ಯಾಕೆ ಬೊಂಬೆ ಥರ ನಿಂತಿದ್ದೀಯ? ಕೊಡೇ ಮಗೂಗೆ! ಅಳ್ತಿರೋದು ಕಾಣಲ್ವಾ ನಿಂಗೆ?"

ನೋಡಿದಿರಾ, ಕೊನೆಗೆ ಬೈಸಿಕೊಂಡವಳು ನಾನೇ. ಕೊಟ್ಟೆ. ಬೋರ್ಕಾ ಮೂಲಂಗಿಯನ್ನು ಎದೆಗೊತ್ತಿಕೊಂಡಳು. ಅಜ್ಜ ಕರವಸ್ತ್ರ ಸಿಗದೆ ಎಂಜಿನ್ನಿನ ಟವೆಲ್ಲಿನಲ್ಲೇ ಮೂಗು ಒರೆಸಿಕೊಂಡ. ಇತ್ತ ವೆಂಡೆಲ್‌ನ ಮೊಮ್ಮಗ ಎಂಜಿನ್ನಿನ ಕಡೆ ತಿರುಗಿಯೂ ನೋಡದೆ ಸ್ನಾನದ ತೊಟ್ಟಿಯನ್ನು ಆರಿಸಿಕೊಂಡ. ಸ್ಟೇಷನ್ ಮಾಸ್ಟರನ ಮುಖ ನೋಡಬೇಕಿತ್ತು ನೀವು!

ಸೆಪ್ಟೆಂಬರಿನಲ್ಲಿ ಬೋರ್ಕಾಳ ಚೀಲ ಬಂತು. ಎಂಜಿನ್ನುಗಳ ಹೊಗೆಕೊಳವೆಯಿಂದ ಈಗ ಹಸಿರು ಎಲೆಗಳು ಹೊರಟಿದ್ದವು. ಚಕ್ರ ಬಿಚ್ಚಲು ಹೋದರೆ ಬಟ್ಟೆಯೇ ಹರಿಯುತ್ತಿತ್ತಂತೆ, ಹಾಗೇ ಬಿಟ್ಟಿದ್ದ. ಚಕ್ರದ ಮೂಲಂಗಿಯ ಮೇಲೆ ಕೆನ್ನೆಯಿಟ್ಟು ಮಗು ಗಡದ್ದಾಗಿ ಮಲಗಿತು.

ಅಂದು ಸಂಜೆ ನಾನು ಮನೆಗೆ ಹೋಗುವಾಗ ಬೆರ್ತಲಾನಣ್ಣ ಬಾರಿನ ಮುಂದೆ ಹೋಗುತ್ತಿದ್ದ. ಒಳಗಿಂದ ವೆಂಡೆಲ್ ಕೂಗಿದ: "ಏ ಮೂಲಂಗಿ, ಬಾರೋ ಇಲ್ಲಿ!"

ಬೆರ್ತಲಾನಣ್ಣ ನಿಂತ. ಎದೆಯುಬ್ಬಿಸಿ ತಿರುಗಿದ.

"ಯಾವ ಮೂಲಂಗಿ? ದೊಡ್ಡದಾ, ಚಿಕ್ಕದಾ? ಸರಿಯಾಗಿ ಕರಿಯೋ, ಈಗ ನಾವು ಇಬ್ಬರಿದ್ದೀವಿ."