ಆರನೇ ಸುತ್ತು

"ಅಣ್ಣ, ಮಾತು ಮರೆತುಹೋಯ್ತಾ?" ನಿರ್ದೇಶಕಿ ಕ್ಯಾಮೆರಾದ ಹಿಂದಿನಿಂದ ಎದ್ದು ಬಂದಳು.

ಅವನು ಮರೆತಿರಲಿಲ್ಲ. ಆ ಒಂದು ಪುಟದ ಮಾತನ್ನು ವಾರದಿಂದ ಬಾಯಿಪಾಠ ಮಾಡಿದ್ದ. ಹಲ್ಲುಜ್ಜುವಾಗಲೂ ಒಪ್ಪಿಸಿ ಹೆಂಡತಿಯ ಕೈಲಿ ಬೈಸಿಕೊಂಡಿದ್ದ. ಆದರೆ ಕ್ಯಾಮೆರಾ ಮುಂದೆ ಮೂರು ಸಲವೂ "ಅವನು ಬಿದ್ದಾಗ" ಎನ್ನುವ ಕಡೆಗೆ ಬಂದು ನಾಲಿಗೆ ನಿಂತುಬಿಟ್ಟಿತ್ತು.

"ಎರಡು ದಿನ ಟೈಮ್ ಕೊಡಮ್ಮ," ಎಂದ. ಆಕೆ ಅವನ ಮುಖ ನೋಡಿ ಒಪ್ಪಿದಳು.

ಚಿತ್ರರಂಗದಲ್ಲಿ ಎಲ್ಲರೂ ಅವನನ್ನು ಸುತ್ತಿಗೆಯಣ್ಣ ಎನ್ನುತ್ತಿದ್ದರು. ಅದು ಬಾಕ್ಸಿಂಗ್ ಆಡುತ್ತಿದ್ದ ಕಾಲದಲ್ಲಿ ಅವನ ಬಲಗೈಗೆ ಜನ ಇಟ್ಟ ಹೆಸರು. ಆಟ ಬಿಟ್ಟ ಮೇಲೆ ಆ ಮೈಕಟ್ಟೇ ಅನ್ನ ಕೊಟ್ಟಿತು. ಎಪ್ಪತ್ತಕ್ಕೂ ಹೆಚ್ಚು ಚಿತ್ರಗಳಲ್ಲಿ ಒದೆ ತಿಂದ. ಮೇಜಿನ ಮೇಲೆ ಬಿದ್ದ, ಮೆಟ್ಟಿಲುಗಳ ಮೇಲೆ ಉರುಳಿದ, ಗಾಜು ಒಡೆದುಕೊಂಡು ಹೊರಗೆ ಹಾರಿದ. ಮಾತು ಅಂತ ಇದ್ದರೆ "ಹಿಡೀರೋ ಅವನ್ನ" ಅನ್ನುವಷ್ಟೇ. ತಲೆ ನರೆತ ಮೇಲೆ ಕಾವಲುಗಾರ, ಲಾರಿ ಡ್ರೈವರ್, ಜೈಲರ್ ಆದ. ಈಗ ಐವತ್ತೆರಡನೇ ವಯಸ್ಸಿನಲ್ಲಿ ಮೊದಲ ಸಲ ದೊಡ್ಡ ಪಾತ್ರ: ಎದುರಾಳಿಯನ್ನು ಅಂಕಣದಲ್ಲೇ ಕೊಂದುಬಿಟ್ಟ ಹಳೆಯ ಬಾಕ್ಸರ್. ನಿರ್ದೇಶಕಿಗೆ ಗೊತ್ತಿದ್ದದ್ದು ಅವನೊಬ್ಬ ಬಾಕ್ಸರ್ ಆಗಿದ್ದ ಅಂತ ಮಾತ್ರ.

ಸುತ್ತಿಗೆಯ ನಿಜವಾದ ಎದುರಾಳಿ ಸತ್ತಿರಲಿಲ್ಲ. ಎಡಗೈಯಲ್ಲಿ ಆಡುತ್ತಿದ್ದ ಅವನನ್ನು ಎಡಚ ಅಂತ ಕರೆಯುತ್ತಿದ್ದರು. ಹತ್ತೊಂಬತ್ತು ವರ್ಷಗಳ ಹಿಂದೆ, ಏಳನೇ ಸುತ್ತಿನಲ್ಲಿ, ಸುತ್ತಿಗೆಯ ಬಲಗೈ ಏಟು ಎಡಚನ ಕಿವಿಯ ಮೇಲೆ ಬಿತ್ತು. ನಲವತ್ತು ದಿನ ಆಸ್ಪತ್ರೆ. ಬಲಭಾಗಕ್ಕೆ ಸ್ವಾಧೀನ ಬರಲಿಲ್ಲ, ಮಾತು ತುಂಡು ತುಂಡಾಯಿತು. ಸುತ್ತಿಗೆ ಒಂದೇ ಒಂದು ಸಲ ವಾರ್ಡಿನ ಬಾಗಿಲವರೆಗೂ ಹೋಗಿ, ಹಾಗೇ ಹಿಂದಿರುಗಿದ್ದ.

ಶೂಟಿಂಗ್ ನಿಲ್ಲಿಸಿದ ಮರುದಿನ ಮಧ್ಯಾಹ್ನ ಅವನು ಎಡಚನ ವಿಳಾಸ ಹುಡುಕಿಕೊಂಡು ಹೊರಟ. ಎರಡನೇ ಮಹಡಿ, ಲಿಫ್ಟ್ ಇಲ್ಲ. ಮುಂದಿನ ಕೋಣೆಯಲ್ಲೇ ಎಡಚನ ಹೆಂಡತಿ ಹೊಲಿಗೆ ಯಂತ್ರ ಹಾಕಿಕೊಂಡಿದ್ದಳು. ಬಾಗಿಲು ತೆರೆದವಳಿಗೆ ಅವನು ಯಾರೆಂದು ಹೇಳಬೇಕಾಗಲಿಲ್ಲ.

"ಬನ್ನಿ. ಬಾಗಿಲು ಗಿಡ್ಡ, ತಲೆ ಬಗ್ಗಿಸಿ," ಎಂದಳು ಅಷ್ಟೇ.

ಕಿಟಕಿಯ ಬಳಿ ಎಡಚ ಕೂತಿದ್ದ. ತೊಡೆಯ ಮೇಲೆ ತಟ್ಟೆ. ಎಡಗೈ ಗುಂಡಿಗಳನ್ನು ಬಣ್ಣ ನೋಡಿ ಬೇರೆ ಮಾಡುತ್ತಿತ್ತು. ಆ ಕೈಯ ಚುರುಕು ಮಾತ್ರ ಒಂಚೂರೂ ಕಮ್ಮಿಯಾಗಿರಲಿಲ್ಲ. ತಲೆಯೆತ್ತಿ ನೋಡಿದವನ ಮುಖದ ಅರ್ಧಭಾಗ ಅರಳಿತು.

"ಇ...ವತ್ತು ಯಾರ... ಕೈಲಿ ಹೊಡಿಸ್ಕೊಂಡೆ?"

ಸುತ್ತಿಗೆಗೆ ನಗಬೇಕೋ ಬೇಡವೋ ತಿಳಿಯಲಿಲ್ಲ.

"ನಿಮ್ಮ ಸಿನಿಮಾ ಟೀವೀಲಿ ಬಂದ್ರೆ ಇವರು ಒಂದೂ ಬಿಡಲ್ಲ," ಎಂದಳು ಹೆಂಡತಿ, ಮತ್ತೆ ಯಂತ್ರದ ಮುಂದೆ ಕೂತು ಹೊಲಿಯುತ್ತ. "ನಿಮಗೆ ಏಟು ಬಿದ್ದಾಗೆಲ್ಲ ಒಂದೇ ಕೈಲಿ ತೊಡೆ ತಟ್ಕೊಂಡು ಖುಷಿಪಡ್ತಾರೆ. ಮೊದಮೊದಲು ನನಗೂ ಹೊಟ್ಟೆ ತಣ್ಣಗಾಗ್ತಿತ್ತು, ಸುಳ್ಳು ಯಾಕೆ ಹೇಳಲಿ. ಆಮೇಲೆ ಸಾಕಾಯ್ತು. ಪಾಪ, ಎಷ್ಟು ಅಂತ ಹೊಡಿಸ್ಕೋತಾರೆ ಅನ್ನಿಸ್ತು."

ಆ 'ಪಾಪ' ಅವನನ್ನು ಅಲ್ಲಾಡಿಸಿಬಿಟ್ಟಿತು. ಪಾತ್ರದ ವಿಷಯ ಹೇಳಿ, ಒಪ್ಪಿಗೆ ಕೇಳಿ ಎದ್ದುಹೋಗುವುದು ಅಂತ ಬಂದಿದ್ದ. ಬಾಯಿಂದ ಬಂದದ್ದೇ ಬೇರೆ.

"ಆರನೇ ಸುತ್ತಲ್ಲೇ ನನಗೆ ಗೊತ್ತಾಗಿತ್ತಮ್ಮ. ಇವನ ಕಣ್ಣು ನನ್ನ ಮೇಲೆ ನಿಲ್ತಿರಲಿಲ್ಲ, ಎತ್ತೆತ್ತಲೋ ಹೋಗ್ತಿತ್ತು. ರೆಫ್ರಿಗೆ ಕಾಣಲಿಲ್ಲ. ನಾನು ಹಿಂದೆ ಸರೀಬಹುದಿತ್ತು, ಒಂದು ಮಾತು ಹೇಳಬಹುದಿತ್ತು. ಗೆಲ್ತೀನಿ ಅಂತ ಹೊಡೆದೆ."

ಹೊಲಿಗೆ ಯಂತ್ರ ನಿಂತಿತು.

"ಒಳ್ಳೇ... ಏಟು ಕಣೋ," ಎಂದ ಎಡಚ. "ಅಂ...ಥಾ ಏಟು... ನಾ...ನೂ ಹೊಡೀತಿದ್ದೆ."

"ನೀವು ಸುಮ್ಮನಿರಿ!" ಅವಳು ಗಂಡನ ಮೇಲೆ ರೇಗಿದಳು. ಆಮೇಲೆ ಸುತ್ತಿಗೆಯ ಕಡೆ ತಿರುಗಿದಾಗ ದನಿ ತಗ್ಗಿತ್ತು. "ಹತ್ತೊಂಬತ್ತು ವರ್ಷ ಗ್ರಹಚಾರ ಅಂದ್ಕೊಂಡು ಹಲ್ಲು ಕಚ್ಕೊಂಡು ಇದ್ದೆ. ಯಾರ ತಪ್ಪೂ ಅಲ್ಲ ಅಂತ. ನೀವು ಬಂದು ಹೇಳಿ ಹಗುರ ಮಾಡ್ಕೊಂಡ್ರಿ. ನಾನು ಇದನ್ನ ಎಲ್ಲಿ ಇಡಲಿ?"

ಸುತ್ತಿಗೆ ತನ್ನ ಆ ದೊಡ್ಡ ಕೈಗಳನ್ನು ಎಲ್ಲಿಡಬೇಕೆಂದು ತೋಚದೆ ಮಂಡಿಗಳ ಮಧ್ಯೆ ಇಟ್ಟುಕೊಂಡ.

"ಸಿನಿಮಾದಲ್ಲಿ ಈಗ ಎದುರಾಳೀನ ಕೊಂದ ಬಾಕ್ಸರ್ ಪಾತ್ರ ಕೊಟ್ಟಿದ್ದಾರೆ. ಬಿಡು ಅಂದ್ರೆ ಬಿಡ್ತೀನಮ್ಮ."

"ಬಿಟ್ರೆ ಇವರ ಕೈ ಬರುತ್ತಾ?" ಅವಳು ಬಟ್ಟೆಯನ್ನು ಮತ್ತೆ ಸೂಜಿಯಡಿ ಎಳೆದುಕೊಂಡಳು. "ಮಾಡಿ. ಆದ್ರೆ ಅಳಬೇಡಿ. ಅಳೋಕೆ ನಾವಿದ್ದೀವಿ."

ಮೂರನೇ ದಿನ ಅವನು ಕ್ಯಾಮೆರಾದ ಮುಂದೆ ಕೂತ. ಮೇಕಪ್ಪಿನವಳು ಕಣ್ಣೀರು ತರಿಸುವ ಗ್ಲಿಸರಿನ್ ಸೀಸೆ ಹಿಡಿದು ಬಂದಳು, ಬೇಡ ಎಂದ. ಬಾಯಿಪಾಠದ ಪುಟವನ್ನು ಪಕ್ಕಕ್ಕಿಟ್ಟು, ಬಸ್ಸು ಯಾಕೆ ತಪ್ಪಿತು ಅಂತ ಹೇಳುವವನ ಹಾಗೆ, ನಾಲ್ಕೇ ಮಾತಿನಲ್ಲಿ ಹೇಳಿ ಮುಗಿಸಿದ: ಅವನ ಕಣ್ಣು ನನ್ನ ಮೇಲೆ ಇರಲಿಲ್ಲ. ನನಗದು ಕಾಣಿಸ್ತು. ನನಗೊಬ್ಬನಿಗೇ ಕಾಣಿಸ್ತು. ಹೊಡೆದೆ.

ನಿರ್ದೇಶಕಿ 'ಕಟ್' ಎಂದಳು. ಆಮೇಲೆ ಹತ್ತಿರ ಬಂದು, "ಇದು ಸ್ಕ್ರಿಪ್ಟಲ್ಲಿ ಇರಲಿಲ್ಲವಲ್ಲ ಅಣ್ಣ," ಎಂದಳು.

"ಇರಲಿಲ್ಲ," ಎಂದ.

ಅವಳು ಇನ್ನೊಂದು ಶಾಟ್ ಕೇಳಲಿಲ್ಲ.

ಕೆಲಸವಿಲ್ಲದ ದಿನಗಳಲ್ಲಿ ಅವನು ಆ ಎರಡನೇ ಮಹಡಿ ಹತ್ತತೊಡಗಿದ. ಎಡಚ ಕೆಳಗಿಳಿದು ನಾಲ್ಕು ವರ್ಷವಾಗಿತ್ತು. ಅವನನ್ನು ಬೆನ್ನ ಮೇಲೆ ಹೊತ್ತು ಇಳಿಸಿ, ಬೀದಿಯ ಕೊನೆಯವರೆಗೂ ಗೋಡೆ ಹಿಡಿಸಿ ನಡೆಸಿ, ಮತ್ತೆ ಹೊತ್ತು ತರುತ್ತಿದ್ದ. ದಾರಿಯುದ್ದಕ್ಕೂ ಎಡಚನದು ಒಂದೇ ಹರಟೆ. ಸುತ್ತಿಗೆ ಸಿನಿಮಾದಲ್ಲಿ ಬೀಳುವ ರೀತಿ ಸರಿಯಿಲ್ಲವಂತೆ, ನಿಜಕ್ಕೂ ಏಟು ತಿಂದವನು ಹಾಗೆ ಬೀಳುವುದಿಲ್ಲವಂತೆ. ಅವನ ಹೆಂಡತಿ ಬಾಗಿಲು ತೆರೆಯುತ್ತಿದ್ದಳು, ಮುಚ್ಚುತ್ತಿದ್ದಳು. ಮಾತಿಲ್ಲ, ಕತೆಯಿಲ್ಲ. ಎರಡು ತಿಂಗಳು ಹೀಗೇ ಹೋಯಿತು.

ಒಂದು ದಿನ ಹತ್ತಿ ಬರುವಾಗ ಎಡಚ ಬೆನ್ನ ಮೇಲಿಂದ ಜಾರಿದ. ಕೆಳಗೆ ಬೀಳದಂತೆ ಸುತ್ತಿಗೆ ಅವನನ್ನು ಹಾಗೇ ತಡೆದು ಹಿಡಿದ. ಎಡಚನ ಹಿಡಿತಕ್ಕೆ ಸುತ್ತಿಗೆಯ ಅಂಗಿ ಹೆಗಲಿಂದ ತೋಳಿನವರೆಗೆ ಪರ್ರೆಂದು ಹರಿಯಿತು. ಮನೆಗೆ ತಂದು ಕೂರಿಸಿ, ಏದುಸಿರು ಬಿಡುತ್ತ ಹೊರಡಲು ಎದ್ದ.

"ನಿಲ್ಲಿ," ಎಂದಳು ಅವಳು, ತಲೆಯೆತ್ತದೆ. "ಆ ಅಂಗಿ ಬಿಚ್ಚಿಕೊಡಿ."

ಕೊಟ್ಟ. ಬನಿಯನ್ನಿನಲ್ಲಿ ಎಡಚನ ಪಕ್ಕ ಕೂತ. ಅವಳು ಅಂಗಿಯನ್ನು ಒಳಮಗ್ಗಲು ಹೊರಗೆ ಮಾಡಿ, ಹರಿದ ಅಂಚುಗಳನ್ನು ಬೆರಳಿನಿಂದ ಜೋಡಿಸಿ ನೋಡಿದಳು. ಪೆಟ್ಟಿಗೆಯಲ್ಲಿದ್ದ ನೂಲಿನ ಉಂಡೆಗಳನ್ನು ಒಂದೊಂದಾಗಿ ಬಟ್ಟೆಯ ಪಕ್ಕ ಹಿಡಿದಳು. ಮೊದಲನೆಯದು ಬಣ್ಣ ಹೊಂದಲಿಲ್ಲ, ಎರಡನೆಯದೂ ಹೊಂದಲಿಲ್ಲ. ಅವಳು ಅವಸರ ಮಾಡದೆ ಮೂರನೆಯದನ್ನು ಕೈಗೆತ್ತಿಕೊಂಡು ಕಿಟಕಿಯ ಬೆಳಕಿಗೆ ಹಿಡಿದಳು.